ಷೇರುಪೇಟೆಯೂ ಒಂದು ಪೇಟೆ: ಅಂಗಡಿಯ ಶಿಸ್ತು ಅಲ್ಲಿಗೂ ಬರಲಿ

ಉದ್ರಿ ಕೊಡುವ ಮೊದಲು ಹತ್ತು ಬಾರಿ ಯೋಚಿಸುವುದು ನಮ್ಮ ತುಮಕೂರು ಪೇಟೆಯ ವರ್ತಕರ ಸಹಜ ಗುಣ. ಗುಬ್ಬಿಯಿಂದಲೋ ಕುಣಿಗಲ್‌ನಿಂದಲೋ ಹೊಸ ಗಿರಾಕಿಯೊಬ್ಬರು ಬಂದು ಐವತ್ತು ಸಾವಿರ ರೂಪಾಯಿಗಳ ಮಾಲನ್ನು ಉದ್ರಿಗೆ ಕೇಳಿದರೆ, ಅವರ ಅಂಗಡಿ ಎಲ್ಲಿದೆ, ಎಷ್ಟು ವರ್ಷದ ವ್ಯವಹಾರ, ಹಿಂದೆ ಯಾರಲ್ಲಿ ಖರೀದಿಸುತ್ತಿದ್ದರು, ಅಲ್ಲಿ ಬಾಕಿ ಉಳಿಸಿ ಬಂದಿದ್ದಾರೆಯೇ ಎಂದು ವಿಚಾರಿಸದೆ ಮಾಲು ಗೋದಾಮಿನಿಂದ ಹೊರಬೀಳುವುದಿಲ್ಲ. ಆದರೆ ಅದೇ ವರ್ತಕರು ಮೊಬೈಲಿಗೆ ಬಂದ ಎರಡು ಸಾಲಿನ ಸಂದೇಶವನ್ನು ನಂಬಿ, ಏನು ತಯಾರಿಸುತ್ತದೆ ಎಂಬುದೇ ತಿಳಿಯದ ಕಂಪನಿಯೊಂದರಲ್ಲಿ ಐದು ಲಕ್ಷ ರೂಪಾಯಿಗಳನ್ನು ತೊಡಗಿಸುವುದನ್ನು ಇತ್ತೀಚಿನ ವರ್ಷಗಳಲ್ಲಿ ಕಾಣುತ್ತಿದ್ದೇವೆ. ಲೆಕ್ಕಪರಿಶೋಧನೆಯ ಕಾಲದಲ್ಲಿ ಖಾತೆ ಪುಸ್ತಕಗಳನ್ನು ನೋಡುವಾಗ ಈ ವಿರೋಧಾಭಾಸವು ಎದ್ದು ಕಾಣುತ್ತದೆ.

ಷೇರುಪೇಟೆಯಿಂದ ದೂರವಿರಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಮಾರುಕಟ್ಟೆಯ ಏರಿಳಿತವನ್ನು ದಿನನಿತ್ಯ ಕಾಣುವ ವರ್ತಕರಿಗೆ ಷೇರುಪೇಟೆಯ ಮೂಲತತ್ತ್ವಗಳು ಕಠಿಣವೂ ಅಲ್ಲ, ಅಪರಿಚಿತವೂ ಅಲ್ಲ. ನನ್ನ ಅಭಿಪ್ರಾಯ ಇಷ್ಟೇ: ಉಳಿತಾಯದ ಹಣ ಷೇರುಪೇಟೆಗೆ ಹೋಗಬಹುದು, ಅಂಗಡಿಯ ದುಡಿಯುವ ಬಂಡವಾಳ ಹೋಗಕೂಡದು, ಹಾಗೆ ಹೋಗುವ ಉಳಿತಾಯವೂ ಅಂಗಡಿಯಲ್ಲಿ ಪಾಲಿಸುವ ಶಿಸ್ತನ್ನು ಜೊತೆಗೊಯ್ಯಬೇಕು. ಇದನ್ನು ಸಮರ್ಥಿಸಲು ಷೇರುಪೇಟೆ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲಿನಿಂದ ಹೇಳಬೇಕಾಗುತ್ತದೆ.

ಷೇರು ಎಂದರೆ ಪಾಲುಗಾರಿಕೆ

ನಾಲ್ವರು ಸೇರಿ ಪಾಲುದಾರಿಕೆಯಲ್ಲಿ ಅಕ್ಕಿ ಗಿರಣಿ ನಡೆಸುವುದು ನಮಗೆ ಗೊತ್ತು. ಬಂಡವಾಳ ಹಾಕಿದಷ್ಟು ಪಾಲು. ಲಾಭ ಬಂದರೆ ಹಂಚಿಕೆ, ನಷ್ಟ ಬಂದರೂ ಹಂಚಿಕೆ. ಕಂಪನಿಯ ಷೇರು ಸಹ ಇಂತಹುದೇ ಪಾಲು. ಕಂಪನಿಯ ಒಟ್ಟು ಬಂಡವಾಳವನ್ನು ಸಣ್ಣ ಸಣ್ಣ ಸಮಪಾಲುಗಳಾಗಿ ವಿಂಗಡಿಸಿದರೆ ಒಂದೊಂದು ಪಾಲೂ ಒಂದು ಷೇರು. ಪಾಲುದಾರಿಕೆ ಸಂಸ್ಥೆಗೂ ಇದಕ್ಕೂ ಎರಡು ಮುಖ್ಯ ವ್ಯತ್ಯಾಸಗಳುಂಟು. ಮೊದಲನೆಯದಾಗಿ, ಪಾಲುದಾರಿಕೆಯಲ್ಲಿ ಸಂಸ್ಥೆಯ ಸಾಲಕ್ಕೆ ಪಾಲುದಾರರ ಮನೆ-ಜಮೀನುಗಳೂ ಹೊಣೆಯಾಗುತ್ತವೆ; ಷೇರುದಾರರ ಹೊಣೆ ಅವರು ಹಾಕಿದ ಹಣಕ್ಕೆ ಸೀಮಿತ. ಎರಡನೆಯದಾಗಿ, ಪಾಲುದಾರಿಕೆಯಿಂದ ಹೊರಬರಲು ಇತರರ ಒಪ್ಪಿಗೆ ಬೇಕು. ಷೇರನ್ನು ಪೇಟೆಯಲ್ಲಿ ಮಾರಿ ಮರುದಿನವೇ ಹೊರಬರಬಹುದು.

ಆದರೆ ಷೇರುದಾರರಿಗೆ ಬಡ್ಡಿಯ ಭರವಸೆ ಇಲ್ಲ, ಅಸಲಿನ ಭರವಸೆಯೂ ಇಲ್ಲ. ಕಂಪನಿ ಮುಚ್ಚಿದರೆ ನೌಕರರು, ಬ್ಯಾಂಕುಗಳು, ಸರ್ಕಾರ, ಮಾಲು ಒದಗಿಸಿದವರು ಎಲ್ಲರ ಬಾಕಿ ತೀರಿದ ನಂತರ ಏನಾದರೂ ಉಳಿದರೆ ಮಾತ್ರ ಷೇರುದಾರರಿಗೆ. ಪಂಕ್ತಿಯ ಕೊನೆಯಲ್ಲಿ ಕುಳಿತವರಿಗೆ ಪಾತ್ರೆಯಲ್ಲಿ ಉಳಿದಷ್ಟೇ. ಹೆಚ್ಚು ಉಳಿದಾಗ ಹೆಚ್ಚು ಸಿಗುವುದೂ ಅವರಿಗೇ. ಷೇರಿನ ಲಾಭಕ್ಕೂ ಅಪಾಯಕ್ಕೂ ಮೂಲ ಇದೇ.

ಹಣ ಯಾರ ಕೈಸೇರುತ್ತದೆ?

ಷೇರುಪೇಟೆಯಲ್ಲಿ ಎರಡು ಭಾಗಗಳುಂಟು. ಕಂಪನಿಯು ಮೊದಲ ಬಾರಿಗೆ ಸಾರ್ವಜನಿಕರಿಗೆ ಷೇರು ನೀಡುವುದು ಪ್ರಾಥಮಿಕ ಮಾರುಕಟ್ಟೆ; ಐ.ಪಿ.ಓ. ಎಂದು ರೂಢಿಯಲ್ಲಿರುವುದು ಇದೇ. ಅನಂತರ ಷೇರುದಾರರು ತಮ್ಮತಮ್ಮಲ್ಲೇ ಕೊಂಡು ಮಾರುವುದು ದ್ವಿತೀಯ ಮಾರುಕಟ್ಟೆ. ಪ್ರತಿದಿನ ಪತ್ರಿಕೆಗಳಲ್ಲಿ ಓದುವ ಸೂಚ್ಯಂಕ, ಧಾರಣೆ ಎಲ್ಲವೂ ಈ ಎರಡನೆಯ ಮಾರುಕಟ್ಟೆಯವು. ಇಲ್ಲಿ ನೀವು ಕೊಡುವ ಹಣ ಕಂಪನಿಗೆ ಹೋಗುವುದಿಲ್ಲ, ಮಾರುವ ಇನ್ನೊಬ್ಬ ಷೇರುದಾರರಿಗೆ ಹೋಗುತ್ತದೆ. ಹಳೆಯ ಲಾರಿಯನ್ನು ಒಬ್ಬರಿಂದ ಇನ್ನೊಬ್ಬರು ಕೊಂಡರೆ ಲಾರಿ ತಯಾರಿಸಿದ ಕಂಪನಿಗೆ ಬಿಡಿಗಾಸೂ ಸೇರುವುದಿಲ್ಲವಷ್ಟೆ.

ಪ್ರಾಥಮಿಕ ಮಾರುಕಟ್ಟೆಯಲ್ಲಿಯೂ ಎಲ್ಲ ಹಣ ಕಂಪನಿಗೇ ಸೇರುತ್ತದೆಂದು ಭಾವಿಸಬಾರದು. ಇದಕ್ಕೆ ನಮ್ಮ ಜಿಲ್ಲೆಗೇ ಸಂಬಂಧಿಸಿದ ಉದಾಹರಣೆಯಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆ ಪ್ರದೇಶದಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ (ಎಚ್.ಎ.ಎಲ್.) ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯಿದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ಈ ಕಾರ್ಖಾನೆಯನ್ನು 2023ರ ಫೆಬ್ರವರಿ 6ರಂದು ಪ್ರಧಾನಮಂತ್ರಿಯವರು ರಾಷ್ಟ್ರಕ್ಕೆ ಸಮರ್ಪಿಸಿದರು. ಇವೆರಡರ ನಡುವೆ, 2018ರ ಮಾರ್ಚ್ ತಿಂಗಳಿನಲ್ಲಿ, ಎಚ್.ಎ.ಎಲ್. ಷೇರುಗಳು ಸಾರ್ವಜನಿಕರಿಗೆ ಬಂದವು. ಆಗ ಮಾರಾಟವಾದದ್ದು ಕೇಂದ್ರ ಸರ್ಕಾರದ ಬಳಿಯಿದ್ದ ಹಳೆಯ ಷೇರುಗಳು. ಹಣ ಸೇರಿದ್ದು ಸರ್ಕಾರದ ಬೊಕ್ಕಸಕ್ಕೆ. ಗುಬ್ಬಿಯ ಕಾರ್ಖಾನೆ ಕಟ್ಟಲು ಹಣ ಕೊಡುತ್ತಿದ್ದೇವೆಂದು ಯಾರಾದರೂ ಭಾವಿಸಿ ಅರ್ಜಿ ಹಾಕಿದ್ದರೆ ಅದು ತಪ್ಪು ತಿಳಿವಳಿಕೆ. ಆದ್ದರಿಂದ ಯಾವುದೇ ಹೊಸ ಷೇರು ವಿತರಣೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಈ ಹಣ ಕಂಪನಿಯ ಬೆಳವಣಿಗೆಗೆ ಹೋಗುತ್ತದೆಯೋ, ಹಳೆಯ ಮಾಲೀಕರು ತಮ್ಮ ಪಾಲು ಮಾರಿ ಹೊರಹೋಗುವುದಕ್ಕೋ? ಕಂಪನಿಯ ವಿವರಣಾ ಪತ್ರದಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿರುತ್ತದೆ. ಓದುವ ತಾಳ್ಮೆ ನಮಗಿರಬೇಕು.

ಪೇಟೆಯ ವ್ಯವಸ್ಥೆ

ಹಿಂದೆ ಮುಂಬಯಿಯಲ್ಲಿ ಆಲದ ಮರದಡಿ ಸೇರುತ್ತಿದ್ದ ದಲ್ಲಾಳಿಗಳು 1875ರಲ್ಲಿ ಸಂಘ ಕಟ್ಟಿಕೊಂಡದ್ದೇ ಇಂದಿನ ಬಿ.ಎಸ್.ಇ. ನಮ್ಮ ರಾಜ್ಯದಲ್ಲಿಯೂ 1963ರಲ್ಲಿ ಬೆಂಗಳೂರು ಷೇರು ವಿನಿಮಯ ಕೇಂದ್ರ ಆರಂಭವಾಗಿತ್ತು. ಗಣಕಯಂತ್ರದ ಮೂಲಕ ದೇಶಾದ್ಯಂತ ಒಂದೇ ಧಾರಣೆಯಲ್ಲಿ ವ್ಯವಹರಿಸುವ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು (ಎನ್.ಎಸ್.ಇ.) 1994ರಲ್ಲಿ ವಹಿವಾಟು ತೆರೆದ ಮೇಲೆ ಪ್ರಾದೇಶಿಕ ಕೇಂದ್ರಗಳಿಗೆ ಕೆಲಸ ಕಡಿಮೆಯಾಯಿತು, ಬೆಂಗಳೂರು ಕೇಂದ್ರವು 2014ರಲ್ಲಿ ಮುಚ್ಚಿತು. ಈಗ ಕುಣಿಗಲ್‌ನಲ್ಲಿ ಕುಳಿತವರಿಗೂ ಮುಂಬಯಿಯಲ್ಲಿ ಕುಳಿತವರಿಗೂ ದೊರೆಯುವ ಧಾರಣೆ ಒಂದೇ.

ಧಾರಣೆ ಹೇಗೆ ನಿಗದಿಯಾಗುತ್ತದೆ? ತಿಪಟೂರಿನ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಕೊಬ್ಬರಿಯ ಒಂದೊಂದು ಲಾಟಿಗೂ ವರ್ತಕರು ತಮ್ಮ ಧಾರಣೆ ನಮೂದಿಸುತ್ತಾರೆ. ಹೆಚ್ಚು ನಮೂದಿಸಿದವರಿಗೆ ಮಾಲು. ಷೇರುಪೇಟೆಯಲ್ಲಿ ಕೊಳ್ಳುವವರೂ ಮಾರುವವರೂ ಏಕಕಾಲಕ್ಕೆ ಧಾರಣೆ ನಮೂದಿಸುತ್ತಾರೆ. ಒಂದು ಷೇರಿಗೆ 101 ರೂಪಾಯಿ ಕೊಡಲು ಒಬ್ಬರು ಸಿದ್ಧ, 102 ರೂಪಾಯಿಗೆ ಮಾರಲು ಇನ್ನೊಬ್ಬರು ಸಿದ್ಧ ಎಂದಾದರೆ ವ್ಯವಹಾರ ಕುದುರದು. ಇಬ್ಬರಲ್ಲೊಬ್ಬರು ಒಂದು ರೂಪಾಯಿ ಬಿಟ್ಟುಕೊಟ್ಟೊಡನೆ ಯಂತ್ರವು ಇಬ್ಬರನ್ನೂ ಜೋಡಿಸುತ್ತದೆ. ಒಂದೇ ಧಾರಣೆಗೆ ಹಲವರಿದ್ದರೆ ಮೊದಲು ನಮೂದಿಸಿದವರಿಗೆ ಆದ್ಯತೆ. ಕೊಳ್ಳುವವರು ಹೆಚ್ಚಾದರೆ ಬೆಲೆ ಏರುತ್ತದೆ, ಮಾರುವವರು ಹೆಚ್ಚಾದರೆ ಇಳಿಯುತ್ತದೆ. ಇದರಲ್ಲಿ ಯಾವ ರಹಸ್ಯವೂ ಇಲ್ಲ.

ಕೊಳ್ಳಲು ಮೂರು ಖಾತೆಗಳು ಬೇಕು: ಬ್ಯಾಂಕಿನಲ್ಲಿ ಹಣದ ಖಾತೆ, ದಲ್ಲಾಳಿ ಸಂಸ್ಥೆಯಲ್ಲಿ ವಹಿವಾಟಿನ ಖಾತೆ, ಷೇರುಗಳನ್ನು ಇಡಲು ಡಿಮ್ಯಾಟ್ ಖಾತೆ. ಡಿಮ್ಯಾಟ್ ಖಾತೆಯಲ್ಲಿನ ಷೇರುಗಳು 1996ರಲ್ಲಿ ಸ್ಥಾಪಿತವಾದ ಎನ್.ಎಸ್.ಡಿ.ಎಲ್. ಅಥವಾ 1999ರ ಸಿ.ಡಿ.ಎಸ್.ಎಲ್. ಎಂಬ ಭಂಡಾರ ಸಂಸ್ಥೆಗಳಲ್ಲಿ ನಿಮ್ಮ ಹೆಸರಿನಲ್ಲೇ ಇರುತ್ತವೆ. ನಮ್ಮಲ್ಲಿ ದಲಾಲಿ ಮಂಡಿಯವರು ರೈತರ ಹಣಕ್ಕೆ ಹೊಣೆ ನಿಲ್ಲುವಂತೆ, ಇಲ್ಲಿ ಕ್ಲಿಯರಿಂಗ್ ಕಾರ್ಪೊರೇಷನ್ ಎಂಬ ಸಂಸ್ಥೆಯು ಕೊಂಡವರಿಗೂ ಮಾರಿದವರಿಗೂ ನಡುವೆ ಹೊಣೆ ನಿಲ್ಲುತ್ತದೆ. 2023ರ ಜನವರಿಯಿಂದ ಎಲ್ಲ ಷೇರುಗಳ ವ್ಯವಹಾರವೂ ಮರುದಿನವೇ ಚುಕ್ತಾ ಆಗುತ್ತಿದೆ. ನಮ್ಮ ಯಾವ ಮಂಡಿಯ ಉದ್ರಿಯೂ ಇಷ್ಟು ಬೇಗ ವಸೂಲಾಗುವುದಿಲ್ಲ. ಈ ಎಲ್ಲದರ ಮೇಲ್ವಿಚಾರಣೆ 1992ರಲ್ಲಿ ಶಾಸನಬದ್ಧ ಅಧಿಕಾರ ಪಡೆದ ಸೆಬಿ ಸಂಸ್ಥೆಯದು. ಸೆಬಿಯು ವ್ಯವಹಾರದ ಶುದ್ಧತೆಯನ್ನು ಕಾಯುತ್ತದೆಯೇ ಹೊರತು ನಿಮ್ಮ ಲಾಭವನ್ನಲ್ಲ ಎಂಬುದನ್ನು ಮರೆಯಬಾರದು.

ಸೆನ್ಸೆಕ್ಸ್ ಎಂಬುದು 30 ದೊಡ್ಡ ಕಂಪನಿಗಳ, ನಿಫ್ಟಿ ಎಂಬುದು 50 ದೊಡ್ಡ ಕಂಪನಿಗಳ ಬೆಲೆಗಳ ಒಟ್ಟು ಚಲನೆಯನ್ನು ಸೂಚಿಸುವ ಅಂಕಿ. ಸೂಚ್ಯಂಕ ಏರಿತೆಂದರೆ ನಿಮ್ಮ ಷೇರೂ ಏರಿತೆಂದು ಅರ್ಥವಲ್ಲ.

ಬೆಲೆ ಬೇರೆ, ವ್ಯಾಪಾರ ಬೇರೆ

ಹೊಸಬರು ಎಡವುವುದು ಇಲ್ಲಿಯೇ. ಬೆಲೆ ಪ್ರತಿ ಕ್ಷಣ ಬದಲಾಗುತ್ತದೆ; ಕಂಪನಿಯ ವ್ಯಾಪಾರ ಅಷ್ಟು ಬೇಗ ಬದಲಾಗುವುದಿಲ್ಲ. ಮತ್ತೆ ಎಚ್.ಎ.ಎಲ್. ಉದಾಹರಣೆಯನ್ನೇ ನೋಡೋಣ. 2018ರಲ್ಲಿ 1,215ರಿಂದ 1,240 ರೂಪಾಯಿಗಳ ನಡುವೆ ಅರ್ಜಿ ಕರೆದಿದ್ದ ಈ ಷೇರು, ಪೇಟೆಯಲ್ಲಿ ಮೊದಲ ದಿನವೇ ಅದಕ್ಕಿಂತ ಕಡಿಮೆ ಬೆಲೆಗೆ ಬಿಕರಿಯಾಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಭೀತಿಯಿಂದ ಇಡೀ ಪೇಟೆ ಕುಸಿದಾಗ ಅದರ ಬೆಲೆ ವಿತರಣಾ ಬೆಲೆಯ ಅರ್ಧಕ್ಕಿಂತ ಕೆಳಗಿಳಿಯಿತು. ಅನಂತರ ರಕ್ಷಣಾ ಸಾಮಗ್ರಿಗಳ ಬೇಡಿಕೆ ಹೆಚ್ಚಿ ಬೆಲೆ ಏರುತ್ತ ಹೋಯಿತು. 2023ರ ಸೆಪ್ಟೆಂಬರ್‌ನಲ್ಲಿ 10 ರೂಪಾಯಿ ಮುಖಬೆಲೆಯ ಒಂದು ಷೇರನ್ನು 5 ರೂಪಾಯಿಯ ಎರಡು ಷೇರುಗಳಾಗಿ ವಿಭಜಿಸಲಾಯಿತು. 2024ರ ಮಧ್ಯಭಾಗದಲ್ಲಿ ಹಾಗೆ ವಿಭಜಿತವಾದ ಒಂದೊಂದು ಷೇರೂ 5,000 ರೂಪಾಯಿಗಳನ್ನು ದಾಟಿತು. ಅಂದರೆ 2018ರ ಒಂದು ಷೇರು 10,000 ರೂಪಾಯಿಗೂ ಮೇಲಾಯಿತು. 2025ರ ಆರಂಭದಲ್ಲಿ ಅದೇ ಷೇರು 3,500 ರೂಪಾಯಿಗೂ ಕೆಳಗಿಳಿದದ್ದುಂಟು.

ಇಲ್ಲಿ ಗಮನಿಸಬೇಕಾದ ಅಂಶವೇನು? ಮೊದಲ ಎರಡು ವರ್ಷ ತಾಳಲಾರದೆ ಮಾರಿದವರಿಗೆ ನಷ್ಟವಾಯಿತು. ಸಂಸ್ಥೆಯ ಕೈಯಲ್ಲಿದ್ದ ಕೆಲಸವನ್ನು ನೋಡಿ ಕಾದವರಿಗೆ ಲಾಭವಾಯಿತು. 2024ರ ಉತ್ಸಾಹದಲ್ಲಿ ಕೊನೆಗೆ ಬಂದು ಕೊಂಡವರು ಕೆಲವೇ ತಿಂಗಳುಗಳಲ್ಲಿ ಮೂರನೆಯ ಒಂದು ಭಾಗದಷ್ಟು ಕಳೆದುಕೊಂಡರು. ಕಂಪನಿ ಒಂದೇ, ಕೊಂಡ ಬೆಲೆ ಮತ್ತು ಕಾದ ಕಾಲ ಬೇರೆ. ಯಾವ ಷೇರನ್ನೂ ಕೊಳ್ಳಿರೆಂದು ಇಲ್ಲಿ ಶಿಫಾರಸು ಮಾಡುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಕಾರ್ಖಾನೆಯಿರುವ ಕಂಪನಿಯಾದ್ದರಿಂದ ಹೆಸರಿಸಿದ್ದೇನೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮೂರಿನಲ್ಲೇ ಇದೆ. 1978ರಲ್ಲಿ ತುಮಕೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆ ಈ ಊರಿನ ಹೆಮ್ಮೆಯಾಗಿತ್ತು. ಎಷ್ಟೋ ಕುಟುಂಬಗಳು ಅದರಿಂದ ಬದುಕು ಕಟ್ಟಿಕೊಂಡವು. ಆದರೆ ಗಡಿಯಾರದ ಮಾರುಕಟ್ಟೆ ಬದಲಾಯಿತು, ನಷ್ಟ ಬೆಳೆಯಿತು, 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟದ ಸಮಿತಿಯು ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಸರ್ಕಾರದ ಕಂಪನಿ, ಮನೆಮಾತಾದ ಹೆಸರು, ಉತ್ತಮ ಗುಣಮಟ್ಟ ಎಲ್ಲವೂ ಇದ್ದವು, ಲಾಭ ಇರಲಿಲ್ಲ. ಹೆಸರಿನ ಮೇಲಿನ ಅಭಿಮಾನ ಹೂಡಿಕೆಗೆ ಆಧಾರವಾಗಲಾರದು.

ಹಾಗಾದರೆ ಒಂದು ಷೇರಿನ ಬೆಲೆ ಹೆಚ್ಚೋ ಕಡಿಮೆಯೋ ಎಂದು ತಿಳಿಯುವುದು ಹೇಗೆ? ವರ್ಷಕ್ಕೆ ಐದು ಲಕ್ಷ ರೂಪಾಯಿ ನಿವ್ವಳ ಲಾಭ ತರುವ ಕಿರಾಣಿ ಅಂಗಡಿಯೊಂದು ಮಾರಾಟಕ್ಕಿದೆ ಎನ್ನಿ. 50 ಲಕ್ಷ ಕೇಳಿದರೆ ಹತ್ತು ವರ್ಷದ ಲಾಭ. ಒಂದು ಕೋಟಿ ಕೇಳಿದರೆ ಇಪ್ಪತ್ತು ವರ್ಷದ ಲಾಭ. ಮೂರು ಕೋಟಿ ಕೇಳಿದರೆ ಅರುವತ್ತು ವರ್ಷದ ಲಾಭ. ಮೂರು ಕೋಟಿ ಕೇಳಿದವರನ್ನು ನೀವು ನಗುತ್ತ ಕಳುಹಿಸುವಿರಿ, ಅಥವಾ ಆ ಅಂಗಡಿಯ ಲಾಭ ಇನ್ನು ಮೂರು ವರ್ಷದಲ್ಲಿ ಅನೇಕ ಪಟ್ಟು ಬೆಳೆಯುವುದೆಂಬುದಕ್ಕೆ ಆಧಾರ ಕೇಳುವಿರಿ. ಷೇರಿನ ಬೆಲೆಯನ್ನು ಪ್ರತಿ ಷೇರಿನ ವಾರ್ಷಿಕ ಗಳಿಕೆಯಿಂದ ಭಾಗಿಸಿದರೆ ಬರುವ ಅಂಕಿಯೂ ಇದನ್ನೇ ಹೇಳುತ್ತದೆ. ಇದರ ಜೊತೆಗೆ ಕಂಪನಿಯ ಸಾಲವೆಷ್ಟು, ಗಿರಾಕಿಗಳಿಂದ ಬರಬೇಕಾದ ಬಾಕಿ ಏರುತ್ತಿದೆಯೇ, ದಾಸ್ತಾನು ಕೊಳೆಯುತ್ತಿದೆಯೇ, ಲಾಭವು ಪುಸ್ತಕದಲ್ಲಿ ಮಾತ್ರವೋ ಕೈಗೆ ನಗದಾಗಿಯೂ ಬರುತ್ತಿದೆಯೋ, ಪ್ರವರ್ತಕರು ತಮ್ಮ ಷೇರುಗಳನ್ನು ಅಡವಿಟ್ಟಿದ್ದಾರೆಯೇ ಎಂಬುದನ್ನು ನೋಡಬೇಕು. ಇವೆಲ್ಲ ಪ್ರತಿ ವರ್ತಕರೂ ತಮ್ಮ ಅಢಾವೆ ಪತ್ರಿಕೆಯಲ್ಲಿ ನೋಡುವ ಅಂಶಗಳೇ. ಲೆಕ್ಕಪರಿಶೋಧಕರ ಸಹಿಯೇ ಅಂತಿಮ ಖಾತರಿಯೆಂದೂ ತಿಳಿಯಬೇಡಿ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷರೇ ಲೆಕ್ಕದಲ್ಲಿ ತೋರಿಸಿದ ಹಣ ಇಲ್ಲವೆಂದು ಒಪ್ಪಿಕೊಂಡ ದಿನ, ಅದರ ಷೇರು ಒಂದೇ ದಿನದಲ್ಲಿ ಮುಕ್ಕಾಲು ಭಾಗದಷ್ಟು ಬೆಲೆ ಕಳೆದುಕೊಂಡಿತು. ಒಂದೇ ಕಂಪನಿಯಲ್ಲಿ ಎಲ್ಲವನ್ನೂ ಇಡಬಾರದೆಂಬ ನಿಯಮಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಇಷ್ಟೆಲ್ಲ ನೋಡಲು ಸಮಯವಿಲ್ಲದವರು ಸೂಚ್ಯಂಕ ಆಧಾರಿತ ಮ್ಯೂಚುವಲ್ ಫಂಡ್‌ಗಳಲ್ಲಿ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ತೊಡಗಿಸುವುದು ಲೇಸು.

ಕುದುರೆ ಸಾಕುವುದು, ಕುದುರೆಗೆ ಪಣ ಕಟ್ಟುವುದು

ಕುಣಿಗಲ್‌ನ ಕುದುರೆ ಫಾರಂ ನಮಗೆಲ್ಲ ಗೊತ್ತು. ಅಲ್ಲಿ ಮರಿಯನ್ನು ವರ್ಷಗಟ್ಟಲೆ ಮೇವು, ಆರೈಕೆ, ತರಬೇತಿ ಕೊಟ್ಟು ಬೆಳೆಸುತ್ತಾರೆ; ಅದು ಬೆಂಗಳೂರಿನ ರೇಸಿನಲ್ಲಿ ಓಡುವ ಎರಡು ನಿಮಿಷಕ್ಕೆ ಪಣ ಕಟ್ಟುವವರು ಬೇರೆ. ಷೇರನ್ನು ಕೊಂಡು ಇಟ್ಟುಕೊಳ್ಳುವುದು ಕುದುರೆ ಸಾಕಿದಂತೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವಾಯಿದೆ ವ್ಯವಹಾರದಲ್ಲಿ ನಮ್ಮವರು ಮಾಡುತ್ತಿರುವುದು ಬಹುಮಟ್ಟಿಗೆ ಪಣ ಕಟ್ಟುವುದು.

ಮೂಲದಲ್ಲಿ ವಾಯಿದೆ ವ್ಯವಹಾರ ಕೆಟ್ಟದ್ದಲ್ಲ. ಮುಂದಿನ ತಿಂಗಳು ಕ್ವಿಂಟಾಲಿಗೆ ಇಷ್ಟು ಬೆಲೆಗೆ ಕೊಬ್ಬರಿ ಕೊಳ್ಳುವ ಹಕ್ಕಿಗಾಗಿ ವರ್ತಕರೊಬ್ಬರು ಇಂದು 1,000 ರೂಪಾಯಿ ಮುಂಗಡ ಕೊಡುತ್ತಾರೆ. ಧಾರಣೆ ಏರಿದರೆ ಹಕ್ಕು ಚಲಾಯಿಸುತ್ತಾರೆ, ಇಳಿದರೆ ಮುಂಗಡವನ್ನು ಬಿಟ್ಟುಬಿಡುತ್ತಾರೆ. ಆಪ್ಷನ್ ಎಂದರೆ ಇದೇ. ಮಾಲು ಉಳ್ಳವರಿಗೆ ಇದು ವಿಮೆ. ಆದರೆ ಮಾಲೂ ಇಲ್ಲದೆ, ಮಾಲು ಬೇಕಾಗಿಯೂ ಇಲ್ಲದೆ, ಗಂಟೆಗೊಮ್ಮೆ ಇಂತಹ ಹಕ್ಕುಗಳನ್ನು ಕೊಂಡು ಮಾರುವುದು ಬೇರೆಯೇ ಆಟ. ವಾಯಿದೆ ಮುಗಿದ ಆಪ್ಷನ್‌ಗೆ ಬೆಲೆ ಸೊನ್ನೆಯಾಗಬಹುದು. ಷೇರಿನಂತೆ ಕಾಯೋಣವೆಂದರೆ ಕಾಯಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಸೆಬಿಯು 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ ಶೇಕಡ 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳಿಗೂ ಹೆಚ್ಚು. ಖರ್ಚು ಕಳೆದು ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಲಾಭ ಮಾಡಿದವರು ಶೇಕಡ 1 ಮಾತ್ರ. 2025ರ ಜುಲೈನಲ್ಲಿ ಹೊರಬಂದ ಮುಂದಿನ ಅಧ್ಯಯನದಲ್ಲಿಯೂ 2024-25ನೇ ಸಾಲಿನಲ್ಲಿ ಶೇಕಡ 91 ಮಂದಿಗೆ ನಷ್ಟ, ಮೊತ್ತ ಒಂದು ಲಕ್ಷ ಕೋಟಿ ರೂಪಾಯಿಗೂ ಮೇಲು. ನಮಗೆ ಮುಖ್ಯವಾದ ಇನ್ನೊಂದು ಅಂಶ: 2024ರ ಅಧ್ಯಯನದಂತೆ ಈ ವ್ಯಕ್ತಿಗಳಲ್ಲಿ ಶೇಕಡ 72ಕ್ಕೂ ಹೆಚ್ಚು ಮಂದಿ ದೇಶದ 30 ದೊಡ್ಡ ನಗರಗಳ ಹೊರಗಿನವರು. ಅಂದರೆ ಈ ನಷ್ಟದ ಬಹುಪಾಲು ಜನ ಮುಂಬಯಿ, ಬೆಂಗಳೂರಿನವರಲ್ಲ, ನಮ್ಮಂತಹ ಊರುಗಳವರು. ಎದುರಿಗೆ ಕುಳಿತು ಗೆಲ್ಲುತ್ತಿರುವವರು ಯಂತ್ರಬಲ, ಹಣಬಲ ಎರಡೂ ಉಳ್ಳ ದೊಡ್ಡ ಸಂಸ್ಥೆಗಳು. ನೂರರಲ್ಲಿ ತೊಂಬತ್ತು ಮಂದಿ ನಷ್ಟಪಡುವ ಕಸುಬಿಗೆ ಯಾವ ವರ್ತಕರಾದರೂ ತಮ್ಮ ಮಗನನ್ನು ಇಳಿಸುವರೇ?

ಅಂಗಡಿಯ ಹಣದ ಮಾತು

ಈಗ ಮುಖ್ಯ ವಿಷಯಕ್ಕೆ ಬರೋಣ. ಅಂತರಸನಹಳ್ಳಿಯ ಸಣ್ಣ ಘಟಕವಿರಲಿ, ಬಿ.ಎಚ್. ರಸ್ತೆಯ ಅಂಗಡಿಯಿರಲಿ, ದಿನದ ಕೊನೆಯಲ್ಲಿ ಗಲ್ಲಾದಲ್ಲಿರುವ ಹಣವೆಲ್ಲ ಮಾಲೀಕರದ್ದಲ್ಲ. ಅದರಲ್ಲಿ ಮಾಲು ಒದಗಿಸಿದವರ ಬಾಕಿ ಇದೆ, ಜಿ.ಎಸ್.ಟಿ. ಇದೆ, ಕೆಲಸಗಾರರ ಸಂಬಳವಿದೆ, ಬ್ಯಾಂಕಿನ ಬಡ್ಡಿ ಇದೆ. ಇಂತಹ ಹಣವನ್ನು ಷೇರಿಗೆ ಹಾಕಿದರೆ, ಷೇರು ಇಳಿದಾಗ ಕಾಯುವ ಸ್ವಾತಂತ್ರ್ಯ ಇರುವುದಿಲ್ಲ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,934 ಅಂಶ ಕುಸಿದು 25,981ಕ್ಕೆ ಇಳಿದಿತ್ತು. ಅಂದು ಉಳಿತಾಯದ ಹಣ ಹಾಕಿದ್ದವರು ಸುಮ್ಮನಿದ್ದರು. ಆ ವರ್ಷ ಮುಗಿಯುವುದರೊಳಗೆ ಸೂಚ್ಯಂಕ ಚೇತರಿಸಿಕೊಂಡು ಹಿಂದಿನ ಎತ್ತರವನ್ನೂ ಮೀರಿತು. ಸಂಬಳದ ಹಣ ಹಾಕಿದ್ದವರು ಅಂದೇ ಮಾರಬೇಕಾಯಿತು. ಅರ್ಧಕ್ಕಿಳಿದ ಹಣ ಮೊದಲಿನಷ್ಟಾಗಲು ಶೇಕಡ 50 ಏರಿದರೆ ಸಾಲದು, ಶೇಕಡ 100 ಏರಬೇಕು.

ಬ್ಯಾಂಕಿನ ಕ್ಯಾಷ್ ಕ್ರೆಡಿಟ್ ಖಾತೆಯಿಂದ ಹಣ ತೆಗೆದು ಷೇರು ಕೊಳ್ಳುವವರ ಲೆಕ್ಕವನ್ನೂ ಮಾಡಿ ನೋಡಿ. ಹತ್ತು ಲಕ್ಷಕ್ಕೆ ಶೇಕಡ 11ರ ಬಡ್ಡಿಯಾದರೆ ವರ್ಷಕ್ಕೆ 1.10 ಲಕ್ಷ ಖಚಿತ ಖರ್ಚು. ಷೇರಿನ ಗಳಿಕೆ ಅನಿಶ್ಚಿತ. ಅದೇ ಹತ್ತು ಲಕ್ಷವನ್ನು ಅಂಗಡಿಯಲ್ಲಿ ವರ್ಷಕ್ಕೆ ನಾಲ್ಕು ಬಾರಿ ತಿರುಗಿಸಿ, ಪ್ರತಿ ಬಾರಿ ಶೇಕಡ 4 ಉಳಿಸಿದರೆ 1.60 ಲಕ್ಷ. ನಿಮಗೆ ಚೆನ್ನಾಗಿ ತಿಳಿದಿರುವ, ನಿಮ್ಮ ಹಿಡಿತದಲ್ಲೇ ಇರುವ ಕಂಪನಿ ನಿಮ್ಮ ಅಂಗಡಿಯೇ. ಮಾಲಿಗೆಂದು ಮಂಜೂರಾದ ಸಾಲವನ್ನು ಬೇರೆಡೆಗೆ ತಿರುಗಿಸುವುದು ಬ್ಯಾಂಕಿನ ಷರತ್ತಿನ ಉಲ್ಲಂಘನೆ. ಷೇರಿನ ಹೂಡಿಕೆಗೆ ಬಳಸಿದ ಸಾಲದ ಬಡ್ಡಿಯನ್ನು ಅಂಗಡಿಯ ಖರ್ಚೆಂದು ಆದಾಯ ತೆರಿಗೆಯಲ್ಲಿ ಕಳೆಯಲೂ ಬರುವುದಿಲ್ಲ.

ಇದರ ಪೆಟ್ಟು ಮಾಲೀಕರೊಬ್ಬರಿಗೇ ಬೀಳುವುದಿಲ್ಲ. ಷೇರಿನಲ್ಲಿ ಹಣ ಸಿಕ್ಕಿಕೊಂಡವರು ಮಾಲು ಕೊಟ್ಟವರಿಗೆ ಪಾವತಿ ತಡಮಾಡುತ್ತಾರೆ. ಆ ಸಣ್ಣ ತಯಾರಕರು ತಮ್ಮ ಕೆಲಸಗಾರರಿಗೆ ತಡಮಾಡುತ್ತಾರೆ. 2006ರ ಎಂ.ಎಸ್.ಎಂ.ಇ. ಕಾಯಿದೆಯಂತೆ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನಗಳೊಳಗೆ ಪಾವತಿ ಮಾಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023-24ನೇ ಸಾಲಿನಿಂದ ಹೀಗೆ ತಡವಾದ ಖರೀದಿಯ ಮೊತ್ತವನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಬಹುದು. ಪೇಟೆಯಲ್ಲಿ ಮಾತು ತಪ್ಪಿದವರೆಂಬ ಹೆಸರು ಬಂದರೆ ಅದಕ್ಕೆ ಯಾವ ಸೂಚ್ಯಂಕವೂ ಪರಿಹಾರ ಕೊಡದು.

ಪಾಲಿಸಬೇಕಾದ ಕೆಲವು ನಿಯಮಗಳು

ಮೊದಲನೆಯದು: ಆರು ತಿಂಗಳ ಅಂಗಡಿ ಖರ್ಚು ಮತ್ತು ಮನೆ ಖರ್ಚನ್ನು ಬ್ಯಾಂಕಿನಲ್ಲಿಟ್ಟು, ಆರೋಗ್ಯ ವಿಮೆ ಮಾಡಿಸಿ, ಉಳಿದ ಹಣದಲ್ಲಿ ಐದು ವರ್ಷ ಬೇಡವೆನಿಸಿದ್ದನ್ನು ಮಾತ್ರ ಷೇರಿನಲ್ಲಿಡಿ.

ಎರಡನೆಯದು: ಲೆಕ್ಕ ಬೇರೆಯಿರಲಿ. ಅಂಗಡಿಯ ಚಾಲ್ತಿ ಖಾತೆಯಿಂದ ಷೇರು ವ್ಯವಹಾರ ಮಾಡದೆ ಸ್ವಂತ ಉಳಿತಾಯ ಖಾತೆಯಿಂದ ಮಾಡಿ. ಹನ್ನೆರಡು ತಿಂಗಳೊಳಗೆ ಷೇರು ಮಾರಿದರೆ ಲಾಭದ ಮೇಲೆ ಶೇಕಡ 20, ಅನಂತರ ಮಾರಿದರೆ ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ ಶೇಕಡ 12.5 ತೆರಿಗೆ ಎಂಬುದು 2024ರ ಜುಲೈ 23ರಿಂದ ಬಂದ ದರ. ಒಂದೇ ದಿನದಲ್ಲಿ ಕೊಂಡು ಮಾರುವುದು ಸಟ್ಟಾ ವ್ಯವಹಾರವೆನಿಸುತ್ತದೆ; ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯಾಪಾರದ ಆದಾಯವೆನಿಸುತ್ತದೆ. ನಷ್ಟವಾಗಿದೆಯೆಂದು ರಿಟರ್ನ್‌ನಲ್ಲಿ ತೋರಿಸದಿರುವುದು ಸಾಮಾನ್ಯ ತಪ್ಪು. ಎಲ್ಲ ವಹಿವಾಟಿನ ವಿವರವೂ ಇಲಾಖೆಗೆ ತಲುಪಿರುತ್ತದೆ, ಸಕಾಲದಲ್ಲಿ ತೋರಿಸದ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಲಾಗದು.

ಮೂರನೆಯದು: ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿತರೇ ಎಂಬುದನ್ನು ಸೆಬಿಯ ಜಾಲತಾಣದಲ್ಲಿ ಪರೀಕ್ಷಿಸಿ. ಖಚಿತ ಲಾಭದ ಭರವಸೆ ಕೊಡುವವರೆಲ್ಲ ವಂಚಕರೆಂದೇ ತಿಳಿಯಿರಿ. ಕಾನೂನು ಅಂತಹ ಭರವಸೆಗೆ ಅವಕಾಶವನ್ನೇ ಕೊಟ್ಟಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಸೇರಿಸಿ, ನಕಲಿ ಆಪ್‌ನಲ್ಲಿ ದುಪ್ಪಟ್ಟು ಲಾಭ ತೋರಿಸಿ, ಹಣ ಹಿಂಪಡೆಯಲು ಮತ್ತೆ ಹಣ ಕೇಳುವುದು ಅವರ ವಿಧಾನ. ಮೋಸವಾದರೆ ಸಂಕೋಚಪಡದೆ ತಕ್ಷಣ 1930 ಸಂಖ್ಯೆಗೆ ಕರೆಮಾಡಿ.

ನಾಲ್ಕನೆಯದು: ಮನೆಯ ಬೀರುವನ್ನೊಮ್ಮೆ ತೆರೆದು ನೋಡಿ. ಅಮ್ಮಸಂದ್ರದಲ್ಲಿ ಕಾರ್ಖಾನೆ ನಡೆಸುತ್ತಿದ್ದ ಮೈಸೂರು ಸಿಮೆಂಟ್ಸ್‌ನಂತಹ ಕಂಪನಿಗಳ ಕಾಗದದ ಷೇರುಪತ್ರಗಳು ಹಿರಿಯರ ಕಾಲದಿಂದ ಹಾಗೆಯೇ ಉಳಿದಿರಬಹುದು. ಆ ಕಂಪನಿಯನ್ನು 2006ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಸಿಮೆಂಟ್ ಸಮೂಹ ವಶಪಡಿಸಿಕೊಂಡಿತು, ಹೆಸರೂ ಬದಲಾಯಿತು. ಹೆಸರು ಬದಲಾದರೆ ಪಾಲು ಇಲ್ಲವಾಗುವುದಿಲ್ಲ. ಆದರೆ 2019ರ ಏಪ್ರಿಲ್ 1ರಿಂದ ಕಾಗದದ ರೂಪದ ಷೇರುಗಳನ್ನು ಮಾರಿ ವರ್ಗಾಯಿಸಲಾಗದು, ಡಿಮ್ಯಾಟ್ ಮಾಡಿಸಲೇಬೇಕು. ಸತತ ಏಳು ವರ್ಷ ಲಾಭಾಂಶ ಪಡೆಯದಿದ್ದರೆ ಷೇರುಗಳೇ ಕೇಂದ್ರ ಸರ್ಕಾರದ ಹೂಡಿಕೆದಾರರ ಸಂರಕ್ಷಣಾ ನಿಧಿಗೆ ಹೋಗುತ್ತವೆ. ದಾಖಲೆ ಸಲ್ಲಿಸಿ ಮರಳಿ ಪಡೆಯಲು ಅವಕಾಶವಿದೆ. ಈಗಿನ ಡಿಮ್ಯಾಟ್ ಖಾತೆಗೂ ನಾಮನಿರ್ದೇಶನ ಮಾಡಿ, ಅದರ ವಿಷಯವನ್ನು ಮನೆಯವರಿಗೆ ತಿಳಿಸಿಡಿ.

ಸಂಸ್ಥೆ ಮಾಡಬೇಕಾದ ಕೆಲಸ

ಷೇರುಪೇಟೆ ಹುಟ್ಟಿದ್ದು ಉದ್ದಿಮೆಗಳಿಗೆ ಬಂಡವಾಳ ಒದಗಿಸುವುದಕ್ಕೆ. ಆ ದೃಷ್ಟಿಯಿಂದ ನೋಡಿದರೆ ನಮ್ಮ ಸದಸ್ಯರು ಅಲ್ಲಿ ಕೊಳ್ಳುವವರು ಮಾತ್ರವಲ್ಲ, ಬಂಡವಾಳ ಕೇಳುವವರೂ ಆಗಬಹುದು. 2012ರಿಂದ ಬಿ.ಎಸ್.ಇ. ಮತ್ತು ಎನ್.ಎಸ್.ಇ. ಎರಡರಲ್ಲಿಯೂ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಪ್ರತ್ಯೇಕ ವೇದಿಕೆಗಳಿವೆ. 2025ರಲ್ಲಿ ನಿಯಮಗಳನ್ನು ಬಿಗಿಗೊಳಿಸಿದ ನಂತರ, ಹಿಂದಿನ ಮೂರು ವರ್ಷಗಳಲ್ಲಿ ಎರಡು ವರ್ಷವಾದರೂ ಒಂದು ಕೋಟಿ ರೂಪಾಯಿಗಳ ಕಾರ್ಯಾಚರಣೆ ಲಾಭ ಗಳಿಸಿದ ಕಂಪನಿಗಳಿಗೆ ಮಾತ್ರ ಅಲ್ಲಿ ಪ್ರವೇಶ. ವಸಂತನರಸಾಪುರದಲ್ಲಿ, ಕುಣಿಗಲ್‌ನ ಅಂಚೇಪಾಳ್ಯದಲ್ಲಿ ಬೆಳೆಯುತ್ತಿರುವ ಘಟಕಗಳು ಇಂದಿನಿಂದಲೇ ಲೆಕ್ಕವನ್ನು ಶುದ್ಧವಾಗಿಟ್ಟರೆ ಮುಂದೊಂದು ದಿನ ಈ ಬಾಗಿಲನ್ನು ತಟ್ಟಬಹುದು. ತಾವು ಷೇರುದಾರರಾಗಿ ಒಂದು ಕಂಪನಿಯಿಂದ ಯಾವ ಪ್ರಾಮಾಣಿಕತೆಯನ್ನು ನಿರೀಕ್ಷಿಸುವರೋ ಅದನ್ನೇ ತಮ್ಮ ಪುಸ್ತಕಗಳಲ್ಲಿಯೂ ಪಾಲಿಸುವುದು ಅದಕ್ಕೆ ಬೇಕಾದ ಸಿದ್ಧತೆ.

ನಮ್ಮ ವಾಣಿಜ್ಯ ಸಂಸ್ಥೆಯು ತುಮಕೂರಿನಲ್ಲಿ, ಹಾಗೆಯೇ ಗುಬ್ಬಿ ಮತ್ತು ಕುಣಿಗಲ್‌ಗಳಲ್ಲಿ ಅರ್ಧ ದಿನದ ತಿಳಿವಳಿಕೆ ಶಿಬಿರಗಳನ್ನು ಏರ್ಪಡಿಸಬೇಕೆಂದು ಈ ಮೂಲಕ ಸಲಹೆ ಮಾಡುತ್ತೇನೆ. ಯಾವ ದಲ್ಲಾಳಿ ಸಂಸ್ಥೆಯ ಪ್ರಾಯೋಜಕತ್ವವನ್ನೂ ಪಡೆಯದೆ, ಸೆಬಿಯ ಮಾನ್ಯತೆಯುಳ್ಳ ತರಬೇತುದಾರರಿಂದಲೇ ಪಾಠ ಹೇಳಿಸಬೇಕು. ವರ್ತಕರ ಜೊತೆಗೆ ಅವರ ಮಕ್ಕಳನ್ನೂ ಕರೆಯಬೇಕು. ಏಕೆಂದರೆ ಇಂದು ಮೊಬೈಲ್ ಹಿಡಿದು ಈ ವ್ಯವಹಾರಕ್ಕೆ ಇಳಿಯುತ್ತಿರುವವರಲ್ಲಿ ಯುವಕರೇ ಹೆಚ್ಚು, ಅವರು ತೊಡಗಿಸುತ್ತಿರುವುದು ಎಷ್ಟೋ ಸಂದರ್ಭಗಳಲ್ಲಿ ತಂದೆ ಕಟ್ಟಿದ ಅಂಗಡಿಯ ಬಂಡವಾಳವನ್ನೇ. ಕಾರ್ಯಕಾರಿ ಸಮಿತಿಯು ಈ ವಿಷಯವನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸುವುದೆಂದು ಆಶಿಸುತ್ತೇನೆ.